ಮರದ ಮೊಳೆಗಳ ಬೆನ್ನು ಹತ್ತಿದ ಮೇಷ್ಟರು

ನಾನು ಹುಡುಗನಾಗಿದ್ದಾಗ ನಮ್ಮೂರಿನಲ್ಲಿ ಒಂದೇ ಒಂದು ಅಚ್ಚುಕೂಟವಿತ್ತು. ಅಲ್ಲಿ ಎರಡು ಜಾತಿಯ ಅಕ್ಷರಗಳಿದ್ದವು. ಒಂದು, ಸೀಸದ ಅಚ್ಚುಮೊಳೆಗಳು. ಅವು ಕೇಸುಗಳ ಗೂಡುಗಳಲ್ಲಿ ಕುಳಿತಿದ್ದು, ಲಗ್ನಪತ್ರಿಕೆಗೂ ಸೊಸೈಟಿಯ ರಸೀತಿ ಪುಸ್ತಕಕ್ಕೂ ಹೊರಗೆ ಬರುತ್ತಿದ್ದವು. ಇನ್ನೊಂದು, ಮರದವು. ಅಂಗೈಯಗಲದ, ಗೇಣುದ್ದದ ಈ ಅಕ್ಷರಗಳಿಗೆ ಕೆಲಸ ಬೀಳುತ್ತಿದ್ದುದು ನಾಟಕದ ಕಂಪೆನಿ ಊರಿಗೆ ಬಂದಾಗ, ದನಗಳ ಜಾತ್ರೆ ನೆರೆದಾಗ, ಇಲ್ಲವೆ ಚುನಾವಣೆಯ ಗಲಾಟೆ ಎದ್ದಾಗ. ಮಿಕ್ಕ ದಿನಗಳಲ್ಲಿ ಅವು ಮೂಲೆಯ ಪೆಟ್ಟಿಗೆಯಲ್ಲಿ ಧೂಳು ಹೊದ್ದು ಮಲಗಿರುತ್ತಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದಿದ್ದುದು 'ಶ್ರೀ'. ಯಾವ ಗೋಡೆಪತ್ರವಾದರೂ ಅದರಿಂದಲೇ ಆರಂಭವಾಗಬೇಕಲ್ಲ! ಮೈ ಸವೆದು ಕುಳ್ಳಾದ ಆ ಅಕ್ಷರ ಉಳಿದವುಗಳ ಮಟ್ಟಕ್ಕೆ ಬರಲೆಂದು ಅದರ ಅಡಿಗೆ ಕಾಗದದ ತುಂಡುಗಳನ್ನು ಅಂಟಿಸುತ್ತಿದ್ದರು.

ಮುಂದೆ ಕಾಲ ಬದಲಾಯಿತು. ಯಜಮಾನರ ಮಗ ಆಫ್‌ಸೆಟ್ ಯಂತ್ರ ತಂದ. ಸೀಸವನ್ನು ತೂಕಕ್ಕೆ ಹಾಕಿದರು. ಮರಕ್ಕೆ ಬೆಲೆ ಕೊಡುವವರಿರಲಿಲ್ಲ. ಅದು ಬಚ್ಚಲಮನೆಯ ಒಲೆಗೆ ಹೋಯಿತು. ಪೆಟ್ಟಿಗೆಯನ್ನು ಹಿತ್ತಲಿಗೆ ಹೊತ್ತುಹಾಕಿದವರಲ್ಲಿ ನಾನೂ ಒಬ್ಬ. ವರ್ಷಗಟ್ಟಲೆ ಒಣಗಿದ ಮರ, ಮೇಲೆ ಮಸಿಯ ಎಣ್ಣೆ ಕುಡಿದದ್ದು. ಹಂಡೆಯ ನೀರು ಬೇಗನೆ ಕಾಯಿತು. ಆಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಕಂಡದ್ದು ಎಷ್ಟೋ ವರ್ಷಗಳ ಮೇಲೆ, ರಾಬ್ ರಾಯ್ ಕೆಲಿ ಎಂಬ ಅಮೆರಿಕದ ಮೇಷ್ಟರೊಬ್ಬರ ಪುಸ್ತಕ ಕೈಗೆ ಬಂದಾಗ. ಅಮೆರಿಕದಲ್ಲಿ ೧೮೨೮ರಿಂದ ೧೯೦೦ರವರೆಗೆ ತಯಾರಾದ ಮರದ ಅಚ್ಚುಮೊಳೆಗಳ ಚರಿತ್ರೆ ಅದು, ೧೯೬೯ರಲ್ಲಿ ಪ್ರಕಟವಾದದ್ದು. ನಾವು ಒಲೆಗೆ ಹಾಕಿದಂಥ ಸಾಮಾನನ್ನೇ ಈ ಪುಣ್ಯಾತ್ಮರು ಹೊತ್ತು ತಂದು, ತೊಳೆದು, ಒರಸಿ, ಒಂದೊಂದಕ್ಕೂ ಜಾತಕ ಬರೆದಿದ್ದರು.

ಕೆಲಿ ಹುಟ್ಟಿದ್ದು ೧೯೨೫ರಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ ೧೯೫೫ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಬಣ್ಣಗಳ ಮರ್ಮ ಬಲ್ಲ ಜೋಸೆಫ್ ಆಲ್ಬರ್ಸ್ ಅಲ್ಲಿ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದ ಕಾಲ ಅದು. ಅಲ್ಲಿಂದ ಬಂದು ಮಿನಿಯಾಪೊಲಿಸ್ ನಗರದ ಕಲಾಶಾಲೆಯಲ್ಲಿ ಗ್ರಾಫಿಕ್ ಡಿಸೈನ್, ಅಂದರೆ ಅಚ್ಚಿನ ಅಕ್ಷರ ಚಿತ್ರಗಳ ವಿನ್ಯಾಸ, ಕಲಿಸತೊಡಗಿದರು. ಆಗ ಅಮೆರಿಕದ ಅಚ್ಚುಕೂಟಗಳೂ ಹಳೆಯ ಯಂತ್ರ ಬಿಟ್ಟು ಆಫ್‌ಸೆಟ್ ಹಿಡಿಯುತ್ತಿದ್ದವು. ಮರದ ಅಕ್ಷರಗಳನ್ನು ಕೇಳುವವರಿರಲಿಲ್ಲ. ಹುಡುಗರು ಅಕ್ಷರದ ಆಕಾರವನ್ನು ಪುಸ್ತಕದಲ್ಲಿ ನೋಡಿ ಕಲಿಯುವುದಕ್ಕಿಂತ ಕೈಯಲ್ಲಿ ಹಿಡಿದು, ಮಸಿ ಹಚ್ಚಿ, ಕಾಗದಕ್ಕೆ ಒತ್ತಿ ಕಲಿಯಲಿ ಎಂದು ಕೆಲಿ ಹಳೆಯ ಅಚ್ಚುಕೂಟಗಳಿಂದ ಅವನ್ನು ಕೂಡಿಸತೊಡಗಿದರು. ಸಂಗ್ರಾಹಕನಾಗುವ ಹಂಬಲ ಮೊದಲು ಅವರಿಗಿರಲಿಲ್ಲ. ಬೇಕಾಗಿದ್ದುದು ಪಾಠದ ಸಾಮಗ್ರಿ.

ಆದರೆ ಹುಡುಗರು ಸುಮ್ಮನಿರುತ್ತಾರೆಯೇ? ಈ ಅಕ್ಷರ ಯಾರು ಮಾಡಿದ್ದು, ಯಾವಾಗ, ಹೇಗೆ ಎಂದು ಕೇಳಿದರು. ಮೇಷ್ಟರಿಗೆ ಉತ್ತರ ಗೊತ್ತಿರಲಿಲ್ಲ. ಗ್ರಂಥಾಲಯದಲ್ಲಿ ಹುಡುಕಿದರೆ ಪುಸ್ತಕಗಳಿಗೂ ಗೊತ್ತಿರಲಿಲ್ಲ. ಮುದ್ರಣದ ಚರಿತ್ರೆಯನ್ನು ಬರೆದವರ ಕಣ್ಣೆಲ್ಲ ಗ್ರಂಥಗಳ ಮೇಲೆ: ಗುಟೆನ್‌ಬರ್ಗನ ಬೈಬಲ್ಲು, ಇಟಲಿಯ ಅಂದವಾದ ಮೊಳೆಗಳು, ಚಿನ್ನದ ಅಂಚಿನ ಪ್ರತಿಗಳು. ಸರ್ಕಸ್ಸಿನ ಜಾಹೀರಾತು, ಹರಾಜಿನ ನೋಟೀಸು, ರೈಲಿನ ವೇಳಾಪಟ್ಟಿ ಇವೆಲ್ಲ ಬೆಳಗ್ಗೆ ಅಂಟಿಸಿ ಸಂಜೆ ಹರಿದುಹೋಗುವ ಸರಕು. ಅವನ್ನು ಯಾರು ಚರಿತ್ರೆ ಎಂದು ಎಣಿಸುತ್ತಾರೆ? ನಮ್ಮಲ್ಲಿಯೂ ಅಷ್ಟೇ. ತಾಳೆಗರಿಗೆ ನಮಸ್ಕಾರ ಮಾಡುತ್ತೇವೆ. ನಾಟಕದ ಕರಪತ್ರದಲ್ಲಿ ಕಡಲೆಕಾಯಿ ಕಟ್ಟುತ್ತೇವೆ.

ಗೊತ್ತಿಲ್ಲದ ಪ್ರಶ್ನೆಯನ್ನು ಹಾರಿಕೆಯ ಮಾತಿನಲ್ಲಿ ತೇಲಿಸಿಬಿಡುವುದು ನಮ್ಮ ಕಸುಬಿನ, ನಾನೂ ಮೇಷ್ಟರೇ, ಹಳೆಯ ಚಾಳಿ. ಕೆಲಿ ಹಾಗೆ ಮಾಡದೆ ಕಾರ್ಖಾನೆಗಳ ಹಳೆಯ ಮಾದರಿ ಪುಸ್ತಕಗಳನ್ನು, ಅಂದರೆ ಗಿರಾಕಿಗಳಿಗೆ ಕಳಿಸುತ್ತಿದ್ದ ಅಕ್ಷರಗಳ ಪಟ್ಟಿಗಳನ್ನು, ಹುಡುಕಿ ಹೊರಟರು. ಯಾವ ಅಕ್ಷರ ಯಾವ ವರ್ಷದ ಪಟ್ಟಿಯಲ್ಲಿ ಮೊದಲು ತಲೆದೋರಿತು, ಅದನ್ನು ಯಾರು ಯಾರಿಂದ ಕದ್ದರು ಎಂದು ಪತ್ತೆ ಹಚ್ಚಿದರು. ಕದಿಯುವುದು ಆ ವ್ಯಾಪಾರದಲ್ಲಿ ನಾಚಿಕೆಯ ವಿಷಯವಾಗಿರಲಿಲ್ಲ. ಒಬ್ಬರ ಅಕ್ಷರಕ್ಕೆ ಜನ ಮುಗಿಬಿದ್ದರೆ ಮಿಕ್ಕವರೂ ಅದನ್ನೇ ಕೊರೆದು ಮಾರುತ್ತಿದ್ದರು.

ಇನ್ನು ಆ ಅಕ್ಷರಗಳು ಹುಟ್ಟಿದ ಬಗೆ. ಮರದಲ್ಲಿ ಬಿಡಿ ಅಕ್ಷರ ಕೊರೆಯುವುದು ಅಮೆರಿಕದವರ ಹೊಸ ಕಲ್ಪನೆಯಲ್ಲ. ಚೀನಾದ ವಾಂಗ್ ಝೆನ್ ಎಂಬ ಅಧಿಕಾರಿ ಹದಿಮೂರನೆಯ ಶತಮಾನದ ಕೊನೆಯಲ್ಲೇ ಅದನ್ನು ಮಾಡಿದ್ದ. ಯುರೋಪಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಮರಗೆತ್ತನೆಯ ಕಲೆಗೆ ಹೊಸ ಜೀವ ತಂದವನು ಇಂಗ್ಲೆಂಡಿನ ನ್ಯೂಕಾಸಲ್ಲಿನ ಥಾಮಸ್ ಬ್ಯೂಯಿಕ್ (೧೭೫೩–೧೮೨೮). ಹಲಗೆಯ ಉದ್ದ ಮೈಯಲ್ಲಿ ಕೆತ್ತಿದರೆ ನಾರು ಸೀಳುತ್ತದೆ, ಸೂಕ್ಷ್ಮ ಗೆರೆ ನಿಲ್ಲುವುದಿಲ್ಲ. ಬ್ಯೂಯಿಕ್ ಗಟ್ಟಿಯಾದ ಬಾಕ್ಸ್‌ವುಡ್ ಮರವನ್ನು ಅಡ್ಡಕ್ಕೆ ಕೊಯ್ದು, ಅದರ ತುದಿಯ ಮೈಯನ್ನು ನುಣುಪು ಮಾಡಿ, ಲೋಹ ಕೆತ್ತುವವರ ಮೊನೆಯುಳಿಯಿಂದ ಚಿತ್ರ ಬಿಡಿಸಿದ. ಮಾಂಸದಂಗಡಿಯ ಕೊರಡನ್ನು ನೋಡಿದವರಿಗೆ ಇದರ ಗುಟ್ಟು ತಿಳಿಯುತ್ತದೆ: ಅಡ್ಡಕೊಯ್ತದ ಮರ ಎಷ್ಟು ಏಟು ತಿಂದರೂ ಸೀಳುವುದಿಲ್ಲ. ಹಕ್ಕಿಗಳ, ಪ್ರಾಣಿಗಳ ಚಿತ್ರಗಳಿಂದ ಬ್ಯೂಯಿಕ್ ಹೆಸರಾದದ್ದೇನೋ ನಿಜ. ಆದರೆ ಅವನ ಅಂಗಡಿಯ ದಿನದ ಅನ್ನ ವರ್ತಕರ ಚೀಟಿ, ಬಿಲ್ಲಿನ ತಲೆಬರಹ ಮುಂತಾದ ಚಿಲ್ಲರೆ ಕೆಲಸದಿಂದಲೂ ಬರುತ್ತಿತ್ತು.

ಬ್ಯೂಯಿಕ್‌ನ ಚಿತ್ರಗಳನ್ನು ಕಂಡು ಅಮೆರಿಕದಲ್ಲಿ ಈ ಕೆಲಸಕ್ಕೆ ಕೈಯಿಟ್ಟವನು ನ್ಯೂಯಾರ್ಕಿನ ಅಲೆಕ್ಸಾಂಡರ್ ಆಂಡರ್ಸನ್. ಅವನು ಓದಿ ಪದವಿ ಪಡೆದ ವೈದ್ಯ. ೧೭೯೮ರಲ್ಲಿ ನ್ಯೂಯಾರ್ಕಿಗೆ ಹಳದಿ ಜ್ವರದ ಮಾರಿ ಬಡಿಯಿತು. ಆ ಒಂದೇ ವರ್ಷ ಮಗು, ಹೆಂಡತಿ, ತಂದೆ, ತಾಯಿ, ಸೋದರ ಎಲ್ಲರನ್ನೂ ಕಳೆದುಕೊಂಡ. ರೋಗಿಗಳನ್ನು ಉಳಿಸಲೆಂದು ಕಲಿತ ವಿದ್ಯೆ ಮನೆಯವರನ್ನೇ ಉಳಿಸಲಿಲ್ಲ. ವೈದ್ಯವೃತ್ತಿಯನ್ನು ಅಲ್ಲಿಗೇ ಬಿಟ್ಟು ಉಳಿ ಹಿಡಿದ. ಮಕ್ಕಳ ಪುಸ್ತಕಗಳಿಗೆ, ವ್ಯಾಪಾರಿಗಳಿಗೆ ಸಾವಿರಾರು ಅಚ್ಚುಗಳನ್ನು ಕೆತ್ತಿ ೧೮೭೦ರಲ್ಲಿ, ತೊಂಬತ್ತೈದರ ಹತ್ತಿರದ ಮುಪ್ಪಿನಲ್ಲಿ, ತೀರಿಕೊಂಡ. ಬ್ಯೂಯಿಕ್ ಎಂದರೆ ಅಲ್ಪಸ್ವಲ್ಪ ಬಲ್ಲವರಿದ್ದಾರೆ. ಆಂಡರ್ಸನ್ ಎಂದರೆ ಅವನ ನಾಡಿನವರೇ ತಲೆ ಕೆರೆದುಕೊಳ್ಳುತ್ತಾರೆ.

ಚಿತ್ರದಂತೆ ಗೋಡೆಪತ್ರದ ದೊಡ್ಡ ಅಕ್ಷರಗಳನ್ನೂ ಮೊದಲು ಕೈಯಿಂದಲೇ ಮರದಲ್ಲಿ ಕೆತ್ತುತ್ತಿದ್ದರು. ಲೋಹದಲ್ಲಿ ಎರಕ ಹೊಯ್ಯಬಹುದಾಗಿತ್ತು, ಆದರೆ ದೊಡ್ಡ ಎರಕ ಆರುವಾಗ ಒಂದೇ ಸಮನಾಗಿ ಆರುವುದಿಲ್ಲ. ಮೈ ಕುಸಿದು ತಗ್ಗು ಬೀಳುತ್ತದೆ. ಜೊತೆಗೆ ಎತ್ತಲಾರದ ಭಾರ, ಕೊಳ್ಳಲಾರದ ಬೆಲೆ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಎಂಬವನು ೧೮೨೭ರಲ್ಲಿ, ಗರಗರ ತಿರುಗಿ ಪಕ್ಕಕ್ಕೂ ಕೊರೆಯುವ ರೂಟರ್ ಎಂಬ ಉಳಿಯನ್ನು ಈ ಕೆಲಸಕ್ಕೆ ಹೂಡಿದ. ಮರುವರ್ಷ ಮರದ ಮೊಳೆಗಳ ಮೊದಲ ಪಟ್ಟಿ ಹೊರಡಿಸಿದ. ಕೆಲಿಯ ಪುಸ್ತಕ ೧೮೨೮ರಿಂದ ಶುರುವಾಗುವುದು ಈ ಕಾರಣದಿಂದ. ೧೮೩೪ರಲ್ಲಿ ವಿಲಿಯಂ ಲೆವೆನ್‌ವರ್ತ್ ಈ ರೂಟರಿಗೆ ಪ್ಯಾಂಟೋಗ್ರಾಫನ್ನು ಜೋಡಿಸಿದ. ದೊಡ್ಡದೊಂದು ಮಾದರಿ ಅಕ್ಷರದ ಅಂಚಿನಗುಂಟ ಕಡ್ಡಿಯನ್ನು ಓಡಿಸುತ್ತ ಹೋದರೆ, ಇನ್ನೊಂದು ತುದಿಯ ಉಳಿ ಅದೇ ಆಕಾರವನ್ನು ಬೇಕಾದ ಅಳತೆಗೆ ಕೊರೆದುಕೊಡುತ್ತದೆ. ಒಂದೇ ಮಾದರಿಯಿಂದ ಚಿಕ್ಕದು, ದೊಡ್ಡದು ಎಷ್ಟು ಬೇಕಾದರೂ ಹೊರಟವು.

ಅಲ್ಲಿಯ ಕಾರ್ಖಾನೆಗಳ ನೆಚ್ಚಿನ ಮರ ಮೇಪಲ್. ದಿಮ್ಮಿಯನ್ನು ಅಡ್ಡಕ್ಕೆ ಬಿಲ್ಲೆಗಳಾಗಿ ಕೊಯ್ದು, ನಿಧಾನವಾಗಿ ಒಣಗಿಸಿ, ಸೀಸದ ಮೊಳೆಯ ಎತ್ತರಕ್ಕೆ, ಅಂದರೆ ೦.೯೧೮ ಅಂಗುಲಕ್ಕೆ ಸರಿಯಾಗಿ, ಹೆರೆದು ನುಣುಪು ಮಾಡಬೇಕು. ಕೂದಲೆಳೆ ತಗ್ಗಿದರೂ ಆ ಅಕ್ಷರ ಕಾಗದದ ಮೇಲೆ ಮೂಡುವುದಿಲ್ಲ. ಯಂತ್ರ ಕೊರೆದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ತಿರುಗುವ ಉಳಿ ದುಂಡಗಿರುವುದರಿಂದ ಒಳಮೂಲೆಗಳು ದುಂಡಗೇ ಉಳಿಯುತ್ತವೆ. ಅವನ್ನು ಮೊನಚು ಮಾಡುವುದು ಮತ್ತೆ ಮನುಷ್ಯನ ಕೈ, ಹಳೆಯ ಕೆತ್ತನೆಗಾರನ ಉಳಿ. ಪುಸ್ತಕದಲ್ಲಿ ಅಚ್ಚಾಗಿರುವ ಒಂದೊಂದು ಅಕ್ಷರದ ಮೂಲೆಯನ್ನೂ ನಾನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ವೆಲ್ಸ್, ಲೆವೆನ್‌ವರ್ತ್, ಕನೆಕ್ಟಿಕಟ್ಟಿನ ವಿಲಿಯಂ ಪೇಜ್ ಇವರ ಹೆಸರುಗಳು ಪಟ್ಟಿಯ ಮೇಲಿವೆ. ಮೂಲೆ ಕೊರೆದವರ ಹೆಸರು ಪಟ್ಟಿಯ ಮೇಲಿಲ್ಲ.

ಗೋಡೆಪತ್ರದಲ್ಲಿ ಪ್ರತಿಯೊಂದು ಸಾಲೂ ಈ ಅಂಚಿನಿಂದ ಆ ಅಂಚಿನವರೆಗೆ ತುಂಬಿರಬೇಕೆಂಬುದು ಆ ಕಾಲದ ರೂಢಿ. ಹೆಸರು ಉದ್ದವಾದರೆ ಸಣಕಲು ಅಕ್ಷರ ಬೇಕು, ಗಿಡ್ಡವಾದರೆ ಕೈಕಾಲು ಚಾಚಿದ ಅಕ್ಷರ ಬೇಕು. ಒಂದೇ ಅಕ್ಷರ ಹತ್ತು ಅಗಲಗಳಲ್ಲಿ ಹುಟ್ಟಿದ್ದು ಹೀಗೆ. ಇದಕ್ಕೆ ಕಲೆ ಎನ್ನಬೇಕೋ ಹೊಟ್ಟೆಪಾಡು ಎನ್ನಬೇಕೋ ತಿಳಿಯದು. ಆಮೇಲೆ ಬಳ್ಳಿ ಹಬ್ಬಿದ್ದು, ನೆರಳು ಬಿದ್ದದ್ದು, ಸೊಂಟದಲ್ಲಿ ಮುಳ್ಳು ಮೂಡಿದ್ದು ಎಂದು ಅಲಂಕಾರ ಏರುತ್ತ ಹೋಯಿತು. ಪೇಜ್ ೧೮೭೪ರಲ್ಲಿ ಹೊರಡಿಸಿದ ಬಣ್ಣದ ಅಕ್ಷರಗಳ ಮಾದರಿ ಪುಸ್ತಕವಂತೂ ಮದುವೆಮನೆಯ ಚಪ್ಪರದಂತಿದೆ: ಒಂದು ಅಕ್ಷರಕ್ಕೆ ಎರಡು ಮೂರು ಅಚ್ಚುಗಳು, ಒಂದರ ಮೇಲೊಂದು ಬೇರೆ ಬೇರೆ ಬಣ್ಣ. ಈ ಕಾಡನ್ನು ಹೊಕ್ಕ ಕೆಲಿ, ಎಷ್ಟೇ ವೇಷ ಹಾಕಿದರೂ ಇವೆಲ್ಲದರ ಮೂಲ ರೋಮನ್, ಆಂಟೀಕ್, ಗಾಥಿಕ್ ಎಂಬ ಮೂರೇ ಆಕಾರಗಳು ಎಂದು ತೋರಿಸಿ ದಾರಿ ಮಾಡಿಕೊಟ್ಟರು.

ಕೆಲಿ ಮೇಷ್ಟರ ಕಣ್ಣು ಅಕ್ಷರದ ಆಕಾರದ ಮೇಲೆ. ನನ್ನ ಕಣ್ಣು, ಏನು ಮಾಡಲಿ, ಅದು ಹೇಳಿದ ಮಾತಿನ ಕಡೆಗೂ ಹೋಗುತ್ತದೆ. ಬೀದಿಯ ಗೋಡೆಗೆ ಹತ್ತಿದ ದೊಡ್ಡಕ್ಷರ ಎಲ್ಲರ ಆಳು. ಇಂಥವರ ಮಾತನ್ನು ಆಡುತ್ತೇನೆ, ಇಂಥವರದನ್ನು ಆಡಲಾರೆ ಎನ್ನುವ ಸ್ವಾತಂತ್ರ್ಯ ಅದಕ್ಕಿಲ್ಲ. ೧೮೫೧ರ ಏಪ್ರಿಲ್ ೨೪ರ ತಾರೀಕು ಹೊತ್ತ ಗೋಡೆಪತ್ರವೊಂದು ಬಾಸ್ಟನ್ ನಗರದ ಕರಿಯ ಜನರನ್ನು ಎಚ್ಚರಿಸಿತು. ಓಡಿಬಂದ ಗುಲಾಮರನ್ನು ಹಿಡಿದು ಮರಳಿಸಬೇಕೆಂಬ ಕಾನೂನು ಹಿಂದಿನ ವರ್ಷ ಬಂದಿತ್ತು. ಊರಿನ ಪೊಲೀಸರೇ ಈಗ ಮನುಷ್ಯರನ್ನು ಹಿಡಿಯುವವರಾಗಿದ್ದಾರೆ, ಅವರೊಡನೆ ಮಾತಾಡಬೇಡಿ ಎಂದು ಅದು ಹೇಳಿತು. ೧೮೬೦ರ ಡಿಸೆಂಬರ್ ೨೦ರಂದು ದಕ್ಷಿಣ ಕ್ಯಾರೊಲಿನಾ ರಾಜ್ಯ ಒಕ್ಕೂಟದಿಂದ ಹೊರಬಿದ್ದಾಗ ಆ ಸುದ್ದಿಯನ್ನು ಕೂಗಿದ್ದೂ ಚಾರ್ಲ್ಸ್‌ಟನ್ ಪತ್ರಿಕೆಯೊಂದರ ದೊಡ್ಡಕ್ಷರದ ಹಾಳೆಯೇ. ೧೮೬೫ರ ಏಪ್ರಿಲಿನಲ್ಲಿ ಲಿಂಕನ್ನರ ಕೊಲೆಗಾರನಿಗೂ ಅವನ ಸಂಗಡಿಗರಿಗೂ ಸೇರಿಸಿ ಒಂದು ಲಕ್ಷ ಡಾಲರ್ ಬಹುಮಾನ ಸಾರಿದ್ದೂ ಇಂಥದೇ ಹಾಳೆ.

ಅಕ್ಷರದ ಜೊತೆಗೆ ಚಿತ್ರಗಳೂ ಸಿದ್ಧ ಸರಕಾಗಿ ಸಿಗುತ್ತಿದ್ದವು. ಕೆತ್ತನೆಗಾರ ಮರದಲ್ಲಿ ಒಂದು ಮೂಲ ಕೆತ್ತಿಕೊಟ್ಟರೆ ಎರಕದವರು ಅದರಿಂದ ಲೋಹದಲ್ಲಿ ಬೇಕಾದಷ್ಟು ಪಡಿಯಚ್ಚು ತೆಗೆದು ಮಾರುತ್ತಿದ್ದರು. ಹಡಗು, ಕುದುರೆ, ಮನೆ, ಮರ ಎಂದು ಪಟ್ಟಿಯಲ್ಲಿ ಸಾಲುಸಾಲಾಗಿ ಇರುತ್ತಿದ್ದವು. ಹಡಗು ಹೊರಡುವ ಸುದ್ದಿಯ ಮೇಲೆ ಹಡಗು, ಕಳೆದ ಕುದುರೆಯ ಸುದ್ದಿಯ ಮೇಲೆ ಕುದುರೆ. ಅದೇ ಪಟ್ಟಿಯಲ್ಲಿ, ಹೆಗಲ ಮೇಲೆ ಕೋಲು, ಕೋಲಿನ ತುದಿಗೆ ಗಂಟು ಕಟ್ಟಿಕೊಂಡು ಓಡುತ್ತಿರುವ ಒಬ್ಬ ಪುಟ್ಟ ಕರಿಯ ಮನುಷ್ಯನೂ ಇದ್ದ. ಓಡಿಹೋದ ಗುಲಾಮನ ಜಾಹೀರಾತಿಗೆ ಅವನು. ಹೆಂಗಸಿಗೆ ಬೇರೆಯದೇ ಅಚ್ಚು. ದಕ್ಷಿಣದ ಪತ್ರಿಕೆಗಳಲ್ಲಿ ಒಂದೊಂದು ಕಾಲಮ್ಮಿನಲ್ಲೂ ಈ ಚಿತ್ರ ಮತ್ತೆ ಮತ್ತೆ ಬರುತ್ತಿತ್ತು. ಎಲ್ಲರಿಗೂ ಅದೇ ಮುಖ, ಅದೇ ಗಂಟು. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ನ್ಯೂಯಾರ್ಕಿನ ಸಣ್ಣ ಮಾಸಪತ್ರಿಕೆಯೊಂದು ೧೮೩೭ರ ಜುಲೈಯಲ್ಲಿ ಇದೇ ಚಿತ್ರವನ್ನು ತನ್ನ ಮುಖಪುಟಕ್ಕೆ ಎತ್ತಿಕೊಂಡು, ದಕ್ಷಿಣದ ಪೇಟೆಗೆ ಹೋಗುವ ಈ ಅಚ್ಚು ತಯಾರಾಗುವುದು ನಮ್ಮ ಊರಿನಲ್ಲೇ ಎಂದು ಓದುಗರಿಗೆ ತಿಳಿಸಿತು. ಗುಲಾಮರಿಲ್ಲದ ಊರಿನವರು ಬೆಚ್ಚಿದರೋ ಇಲ್ಲವೋ! ಆ ಅಚ್ಚನ್ನು ಕೆತ್ತಿದವನು ಅದೇ ದಿನ ಬೆಳಗ್ಗೆ ಮಕ್ಕಳ ಪುಸ್ತಕಕ್ಕೆ ಮೊಲದ ಚಿತ್ರ ಕೆತ್ತಿದ್ದರೂ ಕೆತ್ತಿದ್ದಾನು. ಇದನ್ನು ಯೋಚಿಸಿದಾಗೆಲ್ಲ ನನಗೆ ಆ ಸುಂದರ ಅಕ್ಷರಗಳನ್ನು ಬರಿಯ ಸೌಂದರ್ಯಕ್ಕಾಗಿ ನೋಡುವುದು ಕಷ್ಟವಾಗುತ್ತದೆ. ನೋಡದೆ ಒಲೆಗೆ ಹಾಕುವುದು ಇನ್ನೂ ಕಷ್ಟ.

ಈ ವ್ಯಾಪಾರದ ಕೊನೆಯ ಅಂಕದ ನಾಯಕ ಜೆ. ಎಡ್ವರ್ಡ್ ಹ್ಯಾಮಿಲ್ಟನ್. ೧೮೮೦ರಲ್ಲಿ ವಿಸ್ಕಾನ್ಸಿನ್ ಸೀಮೆಯ ಟೂ ರಿವರ್ಸ್ ಎಂಬ ಊರಿನ ಪತ್ರಿಕೆಯವರಿಗೆ ತುರ್ತಾಗಿ ಒಂದು ಗೋಡೆಪತ್ರ ಅಚ್ಚು ಹಾಕಬೇಕಾಗಿತ್ತು. ಅಕ್ಷರ ತರಿಸಲು ಸಮಯವಿಲ್ಲ. ಹ್ಯಾಮಿಲ್ಟನ್ ತಾಯಿಯ ಮನೆಯ ಹಿಂದಿನ ಜಗಲಿಯಲ್ಲಿ ಕುಳಿತು, ಕಾಲಿನಿಂದ ತುಳಿಯುವ ಗರಗಸದಲ್ಲಿ ತೆಳುಮರದಿಂದ ಅಕ್ಷರಗಳನ್ನು ಕತ್ತರಿಸಿ, ಹಲಗೆಗೆ ಅಂಟಿಸಿ ಕೊಟ್ಟ. ಅಗ್ಗವಾದದ್ದರಿಂದ ಬೇಡಿಕೆ ಬಂತು. ಹತ್ತು ಹನ್ನೊಂದು ವರ್ಷಗಳಲ್ಲಿ ಪೇಜ್ ಕಂಪೆನಿಯನ್ನೇ ಕೊಂಡ. ಶತಮಾನ ಮುಗಿಯುವ ಹೊತ್ತಿಗೆ ಎದುರಾಳಿಗಳು ಹೆಚ್ಚು ಉಳಿಯಲಿಲ್ಲ. ಅಷ್ಟರಲ್ಲಿ ಚಿತ್ರಗಳ ಕೆತ್ತನೆಗಾರರ ಅನ್ನಕ್ಕೂ ಕಲ್ಲು ಬಿದ್ದಿತ್ತು. ಫೋಟೋದಿಂದ ನೇರವಾಗಿ ಮಾಡುವ ಹಾಫ್‌ಟೋನ್ ಬ್ಲಾಕುಗಳು ಬಂದವು. ಹ್ಯಾಮಿಲ್ಟನ್ ಊರಿನಲ್ಲಿ ಈಗ ಒಂದು ವಸ್ತುಸಂಗ್ರಹಾಲಯವಿದೆ. ೧೯೯೯ರಲ್ಲಿ ಅದನ್ನು ತೆರೆದರು.

ಕೆಲಿ ೧೯೬೪ರಲ್ಲಿ ತಮ್ಮ ಸಂಗ್ರಹದ ಅಕ್ಷರಗಳನ್ನು ದೊಡ್ಡ ಹಾಳೆಗಳಲ್ಲಿ ಅಚ್ಚು ಹಾಕಿ ಕೆಲವೇ ಪ್ರತಿಗಳ ಸಂಪುಟವೊಂದನ್ನು ಹೊರತಂದರು. ಆಮೇಲೆ, ಓದುಗರಿಗೆ ಆಶ್ಚರ್ಯವಾದೀತು, ಅಷ್ಟು ಪ್ರೀತಿಯಿಂದ ಕೂಡಿಸಿದ್ದನ್ನೆಲ್ಲ ಮಾರಿಬಿಟ್ಟರು. ಸುಮಾರು ನೂರೈವತ್ತು ಬಗೆಯ ಅಕ್ಷರಗಳ ಆ ರಾಶಿ ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾಲಯವನ್ನು ಸೇರಿತು. ನನಗೆ ಮೊದಲು ಇದು ಹಿಡಿಸಲಿಲ್ಲ. ಆಮೇಲೆ ಹೊಳೆಯಿತು: ಒಬ್ಬ ಮೇಷ್ಟರ ಮನೆಯ ಅಟ್ಟದಲ್ಲಿ ಉಳಿದಿದ್ದರೆ ಅದರ ಗತಿ ಏನಾಗುತ್ತಿತ್ತೆಂದು ಹಂಡೆ ಕಾಯಿಸಿದ ನಾನಲ್ಲದೆ ಬೇರೆ ಯಾರು ಬಲ್ಲರು? ಮೇಷ್ಟರೇನೋ ಕೂಡಿಸುವ ಚಟ ಬಿಡಲಿಲ್ಲ. ಕೊನೆಗಾಲದಲ್ಲಿ ಬಿಸಿ ಪಾತ್ರೆ ಇಳಿಸುವ ಕಬ್ಬಿಣದ ಮುಕ್ಕಾಲಿಗಳನ್ನು ಹಿಡಿದು, ಅವುಗಳ ಮೇಲೂ ಜೊತೆಗಾರರೊಬ್ಬರ ಸಂಗಡ ಒಂದು ಪುಸ್ತಕ ಬರೆದರು. ೨೦೦೪ರಲ್ಲಿ ತೀರಿಕೊಂಡರು.

ಆಸ್ಟಿನ್‌ನಲ್ಲಿ ಅದೇ ವಿದ್ಯೆಯ ಇನ್ನೊಬ್ಬ ಅಧ್ಯಾಪಕ, ಡೇವಿಡ್ ಶೀಲ್ಡ್ಸ್, ಆ ಪೆಟ್ಟಿಗೆಗಳನ್ನು ಮತ್ತೆ ತೆರೆದರು. ಒಂದೊಂದು ಅಕ್ಷರದ ಸಮೂಹವನ್ನೂ ಅಳೆದು, ಮಾದರಿ ಪುಸ್ತಕಗಳೊಡನೆ ತಾಳೆ ನೋಡಿ, ಇದನ್ನು ಮಾಡಿದ ಕಾರ್ಖಾನೆ ಯಾವುದು, ಮೊದಲು ಮಾರಿದ ವರ್ಷ ಯಾವುದು ಎಂದು ಗುರುತಿಸಿ ೨೦೨೨ರಲ್ಲಿ ದೊಡ್ಡ ಗ್ರಂಥವೊಂದನ್ನು ಹೊರತಂದರು.

ಅದನ್ನು ಓದಿದ ಮೇಲೆ ನನಗೂ ಒಂದು ಹುಚ್ಚು ಹತ್ತಿತು. ನಮ್ಮೂರಿಗೆ ಹೋಗಿ ಅಚ್ಚುಕೂಟದ ಯಜಮಾನರ ಮನೆಯ ಬಾಗಿಲು ತಟ್ಟಿದೆ. ಯಜಮಾನರು ಎಂದೋ ಹೋದರು. ಅವರ ಮನೆಯಾಕೆ ಇದ್ದಾರೆ, ತೊಂಬತ್ತರ ಹತ್ತಿರದ ವಯಸ್ಸು. ಮರದ ಅಕ್ಷರ ಯಾವುದಾದರೂ ಉಳಿದಿದೆಯೇ ಎಂದು ಕೇಳಿದೆ.

"ಒಂದಿದೆ, ಬಾ" ಎಂದು ದೇವರ ಗೂಡಿನ ಬಳಿಗೆ ಕರೆದುಕೊಂಡು ಹೋದರು. ಪಟಗಳ ನಡುವೆ, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದ 'ಶ್ರೀ' ಕುಳಿತಿತ್ತು.

"ಶ್ರೀನ ಒಲೆಗೆ ಹಾಕೋದುಂಟೇನೋ? ನಾನೇ ಎತ್ತಿಟ್ಟೆ."

ಅಪ್ಪಣೆ ಪಡೆದು ಕೈಗೆ ತೆಗೆದುಕೊಂಡು ಮಗುಚಿದೆ. ಅಡಿಯಲ್ಲಿ ಅಂಟಿಸಿದ ಕಾಗದದ ಮೂರು ಪದರಗಳು ಹಾಗೆಯೇ ಇದ್ದವು. ಮೇಲಿನದು ಯಾವುದೋ ನಾಟಕದ ಕರಪತ್ರದ ಚೂರು. ಒಳಮೂಲೆಗಳು ಮೊನಚಾಗಿದ್ದವು. ಯಂತ್ರದ ಸೋಂಕಿಲ್ಲದ, ಪೂರ್ತಿ ಕೈಕೆಲಸ.

"ಇದನ್ನ ಕೆತ್ತಿದ್ದು ಯಾರಮ್ಮ?"

"ಪೇಟೆಬೀದಿ ಆಚಾರರು. ಬಾಗಿಲುವಾಡ, ತೊಟ್ಟಿಲು ಎಲ್ಲಾ ಅವರದ್ದೇ ಕೆಲಸ."

"ಅವರ ಹೆಸರು?"

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಆಚಾರ್ರೇ ಅಂತ ಕೂಗ್ತಿದ್ವಿ ಕಣಪ್ಪ, ಬರ್ತಿದ್ರು."